ಎಡಗಡೆ ಕಾರ್ಬರೇಟರ್

ವಿಜಯದಶಮಿಯ ಬೆಳಿಗ್ಗೆ ಹತ್ತೂಕಾಲಿಗೆ, ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ, ದೊಡ್ಡಪ್ಪನ ಹೊಸ ಲಾಡ್ಜಿನ ಮುಂದೆ, ಮೂವತ್ತು ಜನರ ಕಣ್ಣೆದುರಿಗೆ ವೀರೇಶನ ಮರ್ಯಾದೆ ಎರಡು ಸಲ ಕೆಮ್ಮಿ, ಒಂದು ಸಲ ಕರಿ ಹೊಗೆ ಉಗುಳಿ ಸತ್ತುಹೋಯಿತು.

ಇಲ್ಲಿ ಮರ್ಯಾದೆ ಎಂದರೆ ಬೈಕು. ೧೯೫೯ರ ಟ್ರಯಂಫ್. ವೀರೇಶನ ಅಜ್ಜ ಮುರುಗೇಶಪ್ಪ ಹತ್ತಿ ವ್ಯಾಪಾರದಲ್ಲಿದ್ದ ಕಾಲಕ್ಕೆ, ಹುಬ್ಬಳ್ಳಿಯ ಆಂಗ್ಲೋ ಇಂಡಿಯನ್ ರೈಲು ಡ್ರೈವರೊಬ್ಬ ಆಸ್ಟ್ರೇಲಿಯಾಕ್ಕೆ ಗಂಟುಮೂಟೆ ಕಟ್ಟಿದಾಗ ಅವನಿಂದ ತಂದದ್ದು. ಎರಡು ಸಿಲಿಂಡರು, ಒಂದೊಂದಕ್ಕೂ ಬೇರೆ ಬೇರೆ ಕಾರ್ಬರೇಟರು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಇವೆರಡೂ ಒಂದೇ ತಾಳಕ್ಕೆ ಉಸಿರೆಳೆದರೆ ಗಾಡಿ ಹುಲಿ, ಇಲ್ಲದಿದ್ದರೆ ಗೂರಲು ಹಿಡಿದ ಮುದುಕ. ಹತ್ತಿ ಹೋಗಿ ಮಂಡಕ್ಕಿ ವ್ಯಾಪಾರ ಬಂದ ಮೇಲೆ ಹದಿನೆಂಟು ವರ್ಷ ಈ ಹುಲಿ ಮಂಡಕ್ಕಿ ಚೀಲಗಳ ಹಿಂದೆ ಮಲಗಿತ್ತು.

ಅದರ ಮೇಲೆ ದೊಡ್ಡಪ್ಪ ಪರಮೇಶ್ವರಪ್ಪನ ಕಣ್ಣು ಬಿತ್ತು. ದಾವಣಗೆರೆ ಜಿಲ್ಲೆಯಾದ ಖುಷಿಗೆ ಲಾಡ್ಜು ಕಟ್ಟಿಸಿದವನು ಅವನು. ರಿಸೆಪ್ಷನ್ನಿನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ಬೈಕು ನಿಲ್ಲಿಸಿ, ಮೇಲೊಂದು ಕೆಂಪು ಬಲ್ಬು ಹಾಕುವುದು ಅವನ ಪ್ಲಾನು.

"ಎಂಜಿನ್ ಒಳಗಿಂದು ಎಲ್ಲಾ ತಗ್ಸಿಬಿಡಾಣ ಅಪ್ಪಾಜಿ, ಎಣ್ಣೆ ಸೋರಿದ್ರೆ ನನ್ನ ಟೈಲ್ಸ್ ಕೆಡ್ತಾವೆ," ಎಂದಿದ್ದ.

ಅದನ್ನು ಕೇಳಿ ವೀರೇಶನ ಮೈಯೆಲ್ಲ ಉರಿದುಹೋಗಿತ್ತು. ಇಪ್ಪತ್ತಮೂರು ವರ್ಷದ ಹುಡುಗ, ಬಿ.ಕಾಂ. ಎರಡು ಸಬ್ಜೆಕ್ಟ್ ಬಾಕಿ, ಊರಿನ ಟಾಕೀಸುಗಳಲ್ಲಿ ಮಾತ್ರ ಒಂದು ಶೋ ಕೂಡ ಬಾಕಿ ಇಲ್ಲ. ಅಂಗಳದ ನಡುವೆ ನಿಂತು ಎದೆಗೆ ಕೈ ಬಡಿದುಕೊಂಡ: "ಓಡೋ ಗಾಡಿ ಕರುಳು ಕಿತ್ತು ಗಾಜಿನಾಗೆ ಇಡ್ತೀರಾ? ಈ ಎಂಜಿನ್ ನಿಂತ ದಿನ ಈ ಎದಿನೂ ನಿಲ್ತೈತೆ! ಬರ್ಕೊಳ್ಳಿ!"

"ಮೊದ್ಲು ಬಾಯಿ ನಿಲ್ಸು," ಎಂದ ಅಜ್ಜ. ಎಲೆ ಅಡಿಕೆ ಕುಟ್ಟುತ್ತಲೇ ತೀರ್ಪು ಕೊಟ್ಟ. "ವಿಜಯದಶಮಿ ಸಂಜೆ ಬನ್ನಿ ಕೊಡೋ ಹೊತ್ತಿಗೆ ಗಾಡಿ ಹರಿಹರದ ಸೇತುವೆ ಮುಟ್ಟಿ ಬಂದು ಇವನ ಲಾಡ್ಜ್ ಮುಂದೆ ನಿಲ್ಲಬೇಕು. ನಿಂತ ಮ್ಯಾಲೆ ನೀ ಎಕ್ಸಲೇಟರ್ ಮುಟ್ಟಂಗಿಲ್ಲ. ನಿಮ್ಮ ದೊಡ್ಡಪ್ಪ ಒಂದು ಚಾ ಕುಡಿಯೋ ತನಕ ಅದು ತಾನಾಗೇ ಉಸಿರಾಡ್ತಿರಬೇಕು. ಉಸಿರಾಡಿದ್ರೆ ನಿಂದು. ಇಲ್ದಿದ್ರೆ ಗಾಜಿನ ಪೆಟ್ಟಿಗೆ."

ಆ ಚಹಾದ ಪರೀಕ್ಷೆಗೆ ಸಂಜೆ ತನಕ ಸಮಯವಿತ್ತು. ಆದರೆ ವೀರೇಶನಿಗೆ ಎಂಟ್ರಿ ಬೇಕಲ್ಲ? ಹೀರೋ ಊರು ಬಿಟ್ಟು ಹೊರಡುವ ಸೀನು ಜನ ನೋಡಬೇಕಲ್ಲ? ಬೆಳಿಗ್ಗೆಯೇ ಲಾಡ್ಜಿನ ಮುಂದೆ ತಂದು ನಿಲ್ಲಿಸಿ, ಕೈ ಬಿಟ್ಟು, ಕಾಲರ್ ಎತ್ತಿದ. ಗಾಡಿ ಸತ್ತಿತು. ಮತ್ತೆ ಒದ್ದ. ಎಕ್ಸಲೇಟರ್ ತಿರುವಿದರೆ ಗರ್ಜನೆ, ಕೈ ಬಿಟ್ಟರೆ ಸಾವು. ಗಾಡಿ ನಿಂತಾಗ ಎಡಗಡೆಯ ಸಿಲಿಂಡರು ಉಸಿರಾಡುತ್ತಲೇ ಇರಲಿಲ್ಲ. ಪ್ಲಗ್ಗು ಬಿಚ್ಚಿ ನೋಡಿದರೆ ಹಂಚಿನ ಕೆಳಗಿನ ಮಸಿಯಷ್ಟು ಕಪ್ಪು.

ದೊಡ್ಡಪ್ಪ ಮೆಟ್ಟಿಲ ಮೇಲೆ ನಿಂತು ಹೊಟ್ಟೆ ಕುಣಿಸಿದ. "ಬಲ್ಬ್ ಕೆಂಪು ಹಾಕ್ಸಲೋ, ನೀಲಿ ಹಾಕ್ಸಲೋ ತಮ್ಮಾ?"

ದೊಡ್ಡಪ್ಪನಿಗೂ ಹಳೆಯ ಸೇಡಿತ್ತು. ಹೋದ ವರ್ಷ ವೀರೇಶ ಎಸ್‌ಟಿಡಿ ಬೂತಿನಿಂದ ದನಿ ಬದಲಿಸಿ ಫೋನ್ ಮಾಡಿ, ಟಾಕೀಸಿನಲ್ಲಿ ಪಿಕ್ಚರಿನ ನೂರನೇ ದಿನದ ಸಮಾರಂಭಕ್ಕೆ ಮುಖ್ಯ ಅತಿಥಿ ನೀವೇ ಎಂದು ನಂಬಿಸಿದ್ದ. ರೇಷ್ಮೆ ಶರ್ಟು ತೊಟ್ಟು ಹೋದ ದೊಡ್ಡಪ್ಪನನ್ನು ಗೇಟ್‌ಕೀಪರು ಟಿಕೆಟ್ ಕೇಳಿದ್ದ.

ಈಗ ಮೂವತ್ತು ಬಾಯಿ ಒಟ್ಟಿಗೆ ನಕ್ಕವು. ವೀರೇಶನ ಕಿವಿ ಕೆಂಪಾದವು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಒಬ್ಬ ವಿಲನ್ ಬೇಕು. ಅವನಿಗೆ ಸಿಕ್ಕ ವಿಲನ್ ಹದಿನಾಲ್ಕು ಕಿಲೋಮೀಟರ್ ದೂರ ಹರಿಹರದಲ್ಲಿದ್ದ.

"ನಂದೇನೂ ತಪ್ಪಿಲ್ರಿ!" ಎಂದು ಸೀಟಿನ ಮೇಲೆ ಹತ್ತಿ ನಿಂತು ಕೂಗಿದ. "ಆ ಹರಿಹರದ ಹಯಾತ್ ಸಾಬ್ ಕೈ ಕೊಟ್ಟ! ಅವನು ಮಾಡಿದ ಜೆಟ್ಟಿನ ತೂತು ದೊಡ್ಡದು, ಪೆಟ್ರೋಲ್ ಜಾಸ್ತಿ ಕುಡಿದು ಉಸಿರು ಕಟ್ತೈತೆ! ಮುದುಕನ ಕೈ ನಡುಗ್ತಾವೆ, ಅಳತೆ ತಪ್ಪೈತೆ! ನಂಬಿದೋರ ಕುತ್ತಿಗೆಗೇ ಬ್ಲೇಡ್ ಹಾಕಿದ ಕಟುಕ!"

ಗುಂಪಿನಲ್ಲಿ ಲಾರಿ ಮಾಲೀಕ ಗಿಡ್ಡಪ್ಪ ಇದ್ದ. ಹೆಸರಿಗಷ್ಟೇ ಗಿಡ್ಡ, ಆಳು ಆರಡಿ. "ಹೌದೇನೋ? ನನ್ನ ಡೀಸೆಲ್ ಪಂಪಿನ ಸಾಮಾನೆಲ್ಲ ಅವನ ಲೇತಿಗೇ ಕಳಿಸ್ತೀನಿ. ಇವತ್ತೂ ಒಂದು ಲೋಡ್ ಮಾಡಿಸಿಟ್ಟೀನಿ."

"ಕಳಿಸಬ್ಯಾಡ್ರಿ!" ಎಂದ ವೀರೇಶ, ಕೈಯೆತ್ತಿ, ದೇವರ ಮೇಲೆ ಆಣೆ ಇಡುವವನ ಹಾಗೆ.

ಗಿಡ್ಡಪ್ಪ ತಲೆಯಾಡಿಸಿ, ಲೋಡು ಇಳಿಸಲು ಕ್ಲೀನರಿಗೆ ಸನ್ನೆ ಮಾಡಿದ.

ವೀರೇಶ ಹರಿಹರಕ್ಕೆ ಹೊರಟ. ಎಕ್ಸಲೇಟರ್ ಬಿಟ್ಟರೆ ಗಾಡಿ ಸಾಯುತ್ತದೆ, ಆದ್ದರಿಂದ ಬಿಡುವ ಹಾಗಿಲ್ಲ. ರೈಲ್ವೆ ಗೇಟು ಹಾಕಿತ್ತು. ಐವತ್ತು ಡಬ್ಬಿಯ ಗೂಡ್ಸು ಆನೆಯ ಹಾಗೆ ದಾಟುವ ತನಕ ಅವನು ನಿಂತಲ್ಲೇ ಗರ್ ಗರ್ ಎನ್ನಿಸುತ್ತ ನಿಂತ. ಮುಂದಿನ ಸೈಕಲ್ಲಿನವನು ಹಿಂತಿರುಗಿ, "ರೈಲಿನ ಮ್ಯಾಲೆ ಯಾಕ ಸಿಟ್ಟು?" ಎಂದು ಕೇಳಿದ. ವೀರೇಶ ಹಲ್ಲು ಕಚ್ಚಿಕೊಂಡು ಹರಿಹರದಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದ.

ಸಿಟ್ಟು ಇಷ್ಟು ಉರಿಯುವುದಕ್ಕೆ ಕಾರಣವಿತ್ತು. ಹಯಾತ್ ಸಾಬ್‌ನನ್ನು ಅವನು ನಂಬಿದ್ದ. ಹಿಂದಿನ ತಿಂಗಳು ಕಾರ್ಬರೇಟರುಗಳನ್ನು ಮೊದಲು ದಾವಣಗೆರೆಯ ಮೆಕ್ಯಾನಿಕ್ ಸೂರಪ್ಪನಿಗೆ ಕೊಟ್ಟಿದ್ದ. ಸೂರಪ್ಪ ಅವನ್ನು ಕನ್ನಡಿಯಂತೆ ಪಾಲಿಶ್ ಮಾಡಿ, ಪೆಟ್ರೋಲ್ ಅಳೆದು ಬಿಡುವ ಹಿತ್ತಾಳೆ ಜೆಟ್ಟುಗಳ ಕೂದಲೆಳೆಯಂಥ ತೂತಿಗೆ ಸೇಫ್ಟಿ ಪಿನ್ನು ಚುಚ್ಚಿ ಚುಚ್ಚಿ ಬಾವಿ ಮಾಡಿಟ್ಟಿದ್ದ. ಆಗ ಯಾರೋ ಹರಿಹರದ ಕಡೆ ಬೆರಳು ತೋರಿಸಿದರು. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಟರ್ನರ್ ಆಗಿದ್ದು ನಿವೃತ್ತನಾಗಿ, ಮನೆಯ ಪಕ್ಕ ತಗಡಿನ ಶೆಡ್ಡಿನಲ್ಲಿ ಲೋಹ ಕಡೆಯುವ ಹಳೆಯ ಲೇತು ಇಟ್ಟುಕೊಂಡಿದ್ದ ಹಯಾತ್ ಸಾಬ್ ಕಾರ್ಬರೇಟರುಗಳನ್ನು ಅಂಗೈ ಮೇಲಿಟ್ಟು, "ಇದನ್ನ ಕೊಂದೋರು ಯಾರು?" ಎಂದು ಕೇಳಿದ್ದ.

ಆಮೇಲೆ ಇಪ್ಪತ್ತು ದಿನ ಇಬ್ಬರೂ ಕೂಡಿಯೇ ಕೆಲಸ ಮಾಡಿದ್ದರು. ಸೀಮೆಎಣ್ಣೆಯಲ್ಲಿ ನೆನೆಸಿ ಹದಿನೆಂಟು ವರ್ಷದ ಅಂಟು ಬಿಡಿಸಿದರು. ಎಂಜಿನ್ನಿಗೆ ಕೂರುವ ಕಡೆ ಸೊಟ್ಟಗಾಗಿದ್ದ ಕಾರ್ಬರೇಟರಿನ ಮುಖವನ್ನು ಗಾಜಿನ ಮೇಲೆ ಎಮರಿ ಕಾಗದ ಹಾಸಿ ಎಂಟರ ಆಕಾರದಲ್ಲಿ ಉಜ್ಜಿದರು. ವೀರೇಶನ ಬೆರಳ ತುದಿಯ ಚರ್ಮ ಹೋಯಿತು, ಮುಖ ನೆಟ್ಟಗಾಯಿತು. ಹಿತ್ತಾಳೆಯ ಸರಳಿನಿಂದ ಹಯಾತ್ ಸಾಬ್ ಹೊಸ ಜೆಟ್ಟುಗಳನ್ನು ಕಡೆದ. ತೂತು ಕೊರೆಯುವಾಗ ಉಸಿರು ಹಿಡಿಯುತ್ತಿದ್ದ, ವೀರೇಶನೂ ಹಿಡಿಯಬೇಕಿತ್ತು. ಕೊನೆಗೆ ಎರಡನ್ನೂ ಎಂಜಿನ್ನಿಗೆ ಕೂರಿಸಿ, ರಬ್ಬರ್ ಪೈಪಿನ ಒಂದು ತುದಿ ಕಾರ್ಬರೇಟರಿನ ಬಾಯಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು, ಎರಡರ ಉಸಿರು ಒಂದಾಗುವ ತನಕ ಸ್ಕ್ರೂ ತಿರುವಿದ್ದ. ಅವತ್ತು ಗಾಡಿಯ ಸೀಟಿನ ಮೇಲೆ ನೀರು ತುಂಬಿದ ಲೋಟ ಇಟ್ಟರೂ ಚೆಲ್ಲಿರಲಿಲ್ಲ.

ಅದು ಆಯುಧಪೂಜೆಯ ಹಿಂದಿನ ದಿನ. ಮಾರನೆಯ ದಿನ ಪೂಜೆ. ಈಬತ್ತಿ, ಚೆಂಡುಹೂವು, ಊದಿನಕಡ್ಡಿ, ಚಕ್ರದ ಕೆಳಗೆ ನಿಂಬೆಹಣ್ಣು. ಅದರ ಮಾರನೆಯ ದಿನ ಹೀಗೆ ನಡುಬೀದಿಯಲ್ಲಿ ಸಾವು. ಇದಕ್ಕೇನನ್ನಬೇಕು? ನಂಬಿಕೆದ್ರೋಹ ಎನ್ನದೆ ಬೇರೆ ಹೆಸರುಂಟೇ?

ಹರಿಹರ ಮುಟ್ಟಿದಾಗ ಹನ್ನೊಂದೂವರೆ. ಶೆಡ್ಡಿನಲ್ಲಿ ಲೇತಿನ ಮೋಟಾರಿಗೆ ಪಕ್ಕದ ಫೌಂಡ್ರಿಯವರು ಹಾಕಿದ ಹಾರ ಬಾಡುತ್ತಿತ್ತು. ಕುಂಕುಮ ಮೋಟಾರಿನ ಮುಚ್ಚಳದ ಮೇಲಷ್ಟೇ ಇತ್ತು, ಲೇತಿನ ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಹಯಾತ್ ಸಾಬ್ ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದ.

"ಬಾ ಬೇಟಾ. ಸೇತುವೆ ಮುಟ್ಟಿದ್ಯಾ?"

"ಬೇಟಾ ಅನ್ನಬ್ಯಾಡ್ರಿ!" ವೀರೇಶ ಗಾಡಿ ಸಾಯಲು ಬಿಟ್ಟು ಬಾಗಿಲಲ್ಲಿ ಕಾಲು ಅಗಲಿಸಿ ನಿಂತ. "ತಂದೆ ಅಂದ್ಕೊಂಡಿದ್ದೆ ನಿಮ್ಮನ್ನ! ಹಾಲು ಅಂತ ಕುಡಿದೆ, ವಿಷ ಅಂತ ಗೊತ್ತಾಗಿದ್ದು ಗಂಟಲು ಸುಟ್ಟ ಮ್ಯಾಲೆ! ಈ ಹರಿಹರದ ಹೊಳೆ ನೀರು ಬತ್ತಬಹುದು, ಈ ವೀರೇಶನ ಕಣ್ಣಿನ ಕೆಂಡ ಆರಂಗಿಲ್ಲ! ಯಾಕ್ರಿ ಮಾಡಿದ್ರಿ ಹಿಂಗೆ? ಯಾಕ?"

ಪಕ್ಕದ ಫೌಂಡ್ರಿಯವರು ಹೊರಗೆ ಬಂದು ನಿಂತರು. ಎದುರು ಮನೆಯ ಹೆಂಗಸು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಆತಾ?" ಎಂದ ಹಯಾತ್ ಸಾಬ್. "ಇನ್ನೂ ಐತಾ?"

"ಐತೆ! ನಿಮ್ಮ ಕೈ ನಡುಗ್ತಾವೆ. ಜೆಟ್ಟಿನ ತೂತು ದೊಡ್ಡದಾಗೈತೆ. ಪ್ಲಗ್ ನೋಡ್ರಿ, ಮಸಿ! ಮೂವತ್ತು ಜನರ ಮುಂದೆ ನನ್ನ ಮಾನ ಹೋತು!"

ಹಯಾತ್ ಸಾಬ್ ಕನ್ನಡಕ ಹಾಕಿಕೊಂಡ. ಮುಖದ ಮೇಲಿದ್ದ ನಗು ಹೋಗಿತ್ತು. ಸ್ಪ್ಯಾನರು ತಂದು ಎಡಗಡೆ ಕಾರ್ಬರೇಟರಿನ ಜೆಟ್ಟು ಬಿಚ್ಚಿ ವೀರೇಶನ ಅಂಗೈಗೆ ಹಾಕಿದ. ಮೇಜಿನ ಡ್ರಾಯರಿನಿಂದ ಎರಡು ಉಕ್ಕಿನ ತಂತಿ ತೆಗೆದ.

"ಈ ತಂತಿ ತೂತಿನಾಗೆ ಹೋಗಬೇಕು. ಈ ಎರಡನೇದು ಒಂದು ಕೂದಲು ದಪ್ಪ, ಅದು ಹೋಗಬಾರದು. ನಾ ಮುಟ್ಟಲ್ಲ, ನನ್ನ ಕೈ ನಡುಗ್ತಾವೆ. ನೀನೇ ಹಾಕು."

ಮೊದಲನೆಯದು ಎಣ್ಣೆ ಹಚ್ಚಿದಂತೆ ಹೋಯಿತು. ಎರಡನೆಯದನ್ನು ವೀರೇಶ ತಿರುಗಿಸಿದ, ಒತ್ತಿದ, ಬೆಳಕಿಗೆ ಹಿಡಿದು ಮತ್ತೆ ಒತ್ತಿದ. ಹೋಗಲಿಲ್ಲ.

"ತೂತು ಸರಿ ಐತಾ?"

"...ಐತ್ರಿ."

"ಜೋರಾಗಿ."

"ಐತ್ರೀ!"

"ಓಡುವಾಗ ಸರಿ, ನಿಂತಾಗ ಸಾಯ್ತೈತೆ, ಪ್ಲಗ್ ಕಪ್ಪು. ಪೆಟ್ರೋಲ್ ಜಾಸ್ತಿ ಆಗಿಲ್ಲ ಅಂದ್ರೆ ಏನು ಕಮ್ಮಿ ಆಗಿರಬೇಕು?"

ವೀರೇಶ ಬಾಯಿ ತೆರೆದ. ಇಪ್ಪತ್ತು ದಿನ ಕಲಿತದ್ದು ಅಲ್ಲೇ ಇತ್ತು. "ಗಾಳಿ," ಎಂದ.

ಜೆಟ್ಟು ಮತ್ತೆ ಹಾಕಿ, ಗಾಡಿ ಒದ್ದು, ವೀರೇಶ ಎಕ್ಸಲೇಟರ್ ಸ್ವಲ್ಪವೇ ಹಿಡಿದ. ಹಯಾತ್ ಸಾಬ್ ರಬ್ಬರ್ ಪೈಪು ಕಿವಿಗಿಟ್ಟ. ಬಲಗಡೆ ಕೇಳಿದ. ಎಡಗಡೆ ಕೇಳಿದ. ಪೈಪನ್ನು ವೀರೇಶನ ಕಿವಿಗೆ ತುರುಕಿದ. ಬಲಗಡೆಯದು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಎಡಗಡೆಯದರಲ್ಲಿ ಆ ಸಿಳ್ಳೆಯೇ ಇರಲಿಲ್ಲ, ನೆಗಡಿಯಾದವರ ಮೂಗಿನ ಹಾಗೆ.

ಕಾರ್ಬರೇಟರಿನ ಅಗಲ ಬಾಯಿಯ ಕೆಳತುಟಿಯಲ್ಲಿ ಅಕ್ಕಿಕಾಳಿನಷ್ಟು ಒಂದು ತೂತಿರುತ್ತದೆ. ಗಾಡಿ ನಿಂತಲ್ಲಿ ನಿಂತಾಗ ಅದಕ್ಕೆ ಬೇಕಾದ ಗಾಳಿ ಹೋಗುವುದು ಅದರಲ್ಲೇ. ಎಂಜಿನ್ ನಿಲ್ಲಿಸಿ, ಹಯಾತ್ ಸಾಬ್ ಟಾರ್ಚು ಹಿಡಿದು ಬಗ್ಗಿದ. ಕೆಂಪಗೆ ಏನೋ ಕಂಡಿತು. ಚಿಮಟ ತಂದ. ಅವನ ಕೈ ಕಲ್ಲಿನ ಹಾಗೆ ಅಲುಗದೆ ನಿಂತಿತ್ತು. ವೀರೇಶ ಅದನ್ನು ನೋಡಿದ, ನೋಡಬಾರದಿತ್ತು ಅನ್ನಿಸಿತು.

ಚಿಮಟದ ತುದಿಯಲ್ಲಿ ಅರ್ಧ ಇಂಚಿನ ಬಿದಿರು ಕಡ್ಡಿ ಬಂತು. ಕೆಂಪು ಬಣ್ಣದ್ದು. ಹಯಾತ್ ಸಾಬ್ ಮೂಸಿದ.

"ಗಂಧದ್ದು. ಒಳ್ಳೆ ಕಂಪನಿ."

ವೀರೇಶನಿಗೆ ಪೂಜೆಯ ದಿನ ಕಣ್ಣಮುಂದೆ ಬಂತು. ಮನೆಯಲ್ಲಿ ಊದಿನಕಡ್ಡಿ ಚುಚ್ಚುವುದು ಬಾಳೆಹಣ್ಣಿಗೆ. ಆವತ್ತಿನ ಬಾಳೆಹಣ್ಣನ್ನು ಪೂಜೆಗೆ ಮೊದಲೇ ತಿಂದವನು ಅವನೇ. ಕಡ್ಡಿ ಹಿಡಿದು ಅತ್ತಿತ್ತ ನೋಡಿದಾಗ ಎಡಗಡೆ ಕಾರ್ಬರೇಟರಿನ ಬಾಯಲ್ಲಿ ಹೇಳಿಮಾಡಿಸಿದಂಥ ತೂತು ಕಂಡಿತ್ತು. ಚುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು, 'ಹುಲಿ ಬೀಡಿ ಸೇದ್ತೈತೆ ನೋಡ್ರಿ' ಎಂದು ಮನೆಯವರನ್ನೆಲ್ಲ ನಗಿಸಿದ್ದ. ಬಲಗಡೆಯದು ಗೋಡೆಗೆ ಒತ್ತಿಕೊಂಡಿದ್ದರಿಂದ ಬಚಾವಾಗಿತ್ತು. ಪೂಜೆ ಮುಗಿದು ಕಡ್ಡಿ ಕಿತ್ತಾಗ ತುದಿ ಮುರಿದು ಒಳಗುಳಿದದ್ದನ್ನು ಯಾರು ನೋಡಿದರು?

"ಯಾರು ಚುಚ್ಚಿದ್ದು?" ಹಯಾತ್ ಸಾಬ್ ಕೇಳಿದ.

ವೀರೇಶ ನೆಲ ನೋಡಿದ. "ತಪ್ಪಾತ್ರಿ ಸಾಬ್ರೆ."

"ಇದು ಯಾವ ಪಿಕ್ಚರ್ದು?"

"ಯಾವುದರದೂ ಅಲ್ರಿ."

ಆಗ ಹಯಾತ್ ಸಾಬ್‌ನ ಸಿಟ್ಟು ಹೊರಗೆ ಬಂತು. ಅವನು ಕೂಗಲಿಲ್ಲ. ಚಿಮಟವನ್ನು ಮೇಜಿನ ಮೇಲೆ ಇಟ್ಟ ಸದ್ದಿಗೇ ಫೌಂಡ್ರಿಯವರು ಒಳಗೆ ಹೋದರು. "ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತೀನಿ. ಸಾಹೇಬ್ರು ಬೈದಾರೆ, ಯೂನಿಯನ್ನೋರು ಬೈದಾರೆ. ನನ್ನ ಅಳತೆ ತಪ್ಪು ಅಂತ ಒಬ್ಬ ನನ್ಮಗ ಅಂದಿಲ್ಲ. ನೀ ಬಾಗಿಲಿಗೆ ಬಂದು ಅಂದೆ. ಒಂದು ಸಲ ಬಿಚ್ಚಿ ನೋಡ್ದೇನು? ಒಂದು ಸಲ 'ಸಾಬ್ರೆ, ಹಿಂಗಾಗೈತೆ, ನೋಡ್ರಿ' ಅಂದೆಯೇನು? ದಾವಣಗೆರ್ಯಾಗೂ ಅಂದೆಯಾ?"

"...ಅಂದೆ. ಗಿಡ್ಡಪ್ಪನೂ ಇದ್ರು. ಲೋಡ್ ಇಳಿಸಾಕೆ ಹೇಳಿದ್ರು."

ಹಯಾತ್ ಸಾಬ್ ಲೇತಿನ ಕಡೆ ನೋಡಿದ. "ಈ ಲೇತ್ ತಿರುಗೋದೇ ಅವನ ಕೆಲಸದ ಮ್ಯಾಲೆ, ಗೊತ್ತೈತಾ?" ಎಂದ. ಆಮೇಲೆ ಪ್ಲಗ್ಗು ಬಿಚ್ಚಿ ಮಸಿ ಉಜ್ಜಿ ತೆಗೆದ, ಸ್ಕ್ರೂ ಕಾಲು ಸುತ್ತು ತಿರುವಿದ. ಗಾಡಿ ಮೊದಲ ಒದೆತಕ್ಕೇ ಎದ್ದು, ಕೈ ಬಿಟ್ಟರೂ ದುಮ್ ದುಮ್ ಎಂದು ನಿಂತಿತು.

"ಹೋಗು. ಅಲ್ಲಿ ಎಷ್ಟು ಜೋರಾಗಿ ಹೇಳಿದ್ಯೋ, ಅಷ್ಟೇ ಜೋರಾಗಿ ಹೇಳು. ಅವರ ಮುಂದೆನೇ."

"ಸಾಬ್ರೆ, ಕಡ್ಡಿ ಚುಚ್ಚಿದ್ದು ನಾನೇ ಅಂತ ಗೊತ್ತಾದ್ರೆ ದೊಡ್ಡಪ್ಪ ಬಿಡ್ತಾನಾ? ಗಾಡಿ ಹೋಗ್ತೈತೆ ನಂದು."

"ಹೇಳದಿದ್ರೆ ಹೆಸರು ಹೋಗ್ತೈತೆ ನಂದು," ಎಂದು ಹಯಾತ್ ಸಾಬ್ ಬಾಗಿಲು ಎಳೆದುಕೊಂಡ.

ವೀರೇಶ ಸೇತುವೆ ಮುಟ್ಟಿ ತಿರುಗಿದ. ಹುಲಿ ಹಾಡುತ್ತಿತ್ತು, ಸವಾರ ಮಾತ್ರ ಹಾಡಲಿಲ್ಲ. ಅವನ ಸಿಟ್ಟು ಈಗ ಎಲ್ಲಿ ಕೂರಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು. ಬಾಳೆಹಣ್ಣಿನ ಮೇಲೆ ಸಿಟ್ಟಾದ. ಆ ಜಾಗದಲ್ಲಿ ಆ ಅಳತೆಗೇ ತೂತಿಟ್ಟ ಬಿಳಿಯರ ಮೇಲೆ ಸಿಟ್ಟಾದ. ಯಾವುದೂ ಒಂದು ಕಿಲೋಮೀಟರಿಗಿಂತ ಹೆಚ್ಚು ಬಾಳಲಿಲ್ಲ.

ಐದೂವರೆಗೆ ಲಾಡ್ಜಿನ ಮುಂದೆ ಬೆಳಗಿನ ಮಂದಿಗೆ ಇನ್ನೊಂದಿಷ್ಟು ಮಂದಿ ಸೇರಿತ್ತು. ಅಜ್ಜ ಕುರ್ಚಿ ಹಾಕಿಸಿಕೊಂಡು ಕೂತಿದ್ದ, ತೊಡೆಯ ಮೇಲೆ ಬನ್ನಿ ಸೊಪ್ಪು. ವೀರೇಶ ಗಾಡಿ ನಿಲ್ಲಿಸಿ ಎರಡೂ ಕೈ ಮೇಲೆತ್ತಿದ. ಗಾಡಿ ಉಸಿರಾಡಿತು. ದೊಡ್ಡಪ್ಪನಿಗೆ ಚಹಾ ಬಂತು. ಅವನು ಬಸಿಗೆ ಸುರಿದ, ಊದಿದ, ಒಂದು ಗುಟುಕು ಕುಡಿದ, ಕೆಳಗಿಟ್ಟ, ಪೇಪರ್ ಓದಿದ.

"ಚಾ ಕುಡಿಯೋದಾ, ಬಾಣಂತನ ಮಾಡೋದಾ?" ಎಂದ ಯಾರೋ.

ಗಾಡಿ ಉಸಿರಾಡುತ್ತಲೇ ಇತ್ತು. ಕೊನೆಗೆ ಬಸಿ ಖಾಲಿಯಾಯಿತು. "ಇನ್ನೊಂದು ತಾರೋ," ಎಂದ ದೊಡ್ಡಪ್ಪ.

"ಒಂದು ಅಂದಿದ್ದೆ," ಎಂದ ಅಜ್ಜ. "ಗಾಡಿ ಅವನದು."

ಸಿಳ್ಳೆ ಬಿದ್ದವು. ಆ ಸಿಳ್ಳೆಯ ನಡುವೆ ಗಿಡ್ಡಪ್ಪ ಬಗ್ಗಿ ಕೇಳಿದ, "ಮುದುಕನ ಜೆಟ್ ಕಿತ್ತು ಹಾಕಿ ಬ್ಯಾರೆ ಹಾಕ್ಸಿದ್ಯಾ? ಬಚಾವ್ ಮಾಡ್ದೆ ತಮ್ಮಾ ನನ್ನ. ಪಂಪೆಲ್ಲಾ ಹಾಳಾಗ್ತಿದ್ವು."

ಹೌದು ಅಂದರೆ ಮುಗಿಯಿತು. ಸುಮ್ಮನೆ ನಕ್ಕರೂ ಮುಗಿಯಿತು. ವೀರೇಶನ ಬಾಯಲ್ಲಿ 'ಹೌ' ತನಕ ಬಂದೂ ಇತ್ತು. ಅಷ್ಟರಲ್ಲಿ ಚಿಮಟ ಹಿಡಿದಿದ್ದ ಆ ಅಲುಗದ ಕೈ ನೆನಪಾಯಿತು. ತನ್ನ ಮೇಲೇ ಕೆಟ್ಟ ಸಿಟ್ಟು ಬಂದು, ಬೆಳಿಗ್ಗೆ ಹತ್ತಿದ್ದ ಹಾಗೇ ಸೀಟಿನ ಮೇಲೆ ಹತ್ತಿದ.

"ಕೇಳ್ರಿ ಎಲ್ಲಾರೂ! ಹಯಾತ್ ಸಾಬ್ರ ಜೆಟ್ ಸರಿ ಐತೆ! ಇವತ್ತೂ ಅದೇ ಜೆಟ್ ಒಳಗೈತೆ! ಊದಿನಕಡ್ಡಿ ಚುಚ್ಚಿ ಕಾರ್ಬರೇಟರ್ ಮೂಗು ಕಟ್ಟಿಸಿದ್ದು ನಾನು! ಕಡ್ಡಿ ಚುಚ್ಚೋ ಬಾಳೆಹಣ್ಣು ತಿಂದಿದ್ದೂ ನಾನೇ! ಸಾಬ್ರ ಕೈ ನಡುಗಲ್ಲ, ನಂದೇ ನಾಲಿಗೆ ಸರಿ ಇಲ್ಲ!"

ಇಡೀ ಪಿ.ಬಿ. ರಸ್ತೆ ನಕ್ಕಿತು. ದೊಡ್ಡಪ್ಪ ಜಿಗಿದೆದ್ದ. "ಕೇಳಿದ್ರಾ ಅಪ್ಪಾಜಿ? ಊದಿನಕಡ್ಡಿ ಚುಚ್ಚೋನ ಕೈಗೆ ವಿಲಾಯ್ತಿ ಗಾಡಿ ಕೊಡ್ತೀರಾ? ನಾಳೆ ಸೈಲೆನ್ಸರಿಗೆ ಕರ್ಪೂರ ಹಚ್ತಾನೆ! ನನ್ನ ಗಾಜು ರೆಡಿ ಐತೆ!"

ಗಿಡ್ಡಪ್ಪ ಮಾತ್ರ ನಗಲಿಲ್ಲ. ವೀರೇಶನನ್ನು ದುರುಗುಟ್ಟಿ ನೋಡಿ, ತನ್ನ ಕ್ಲೀನರನ್ನು ಹುಡುಕಿಕೊಂಡು ಹೋದ.

ಅಜ್ಜ ಕೈಯೆತ್ತಿದ. "ಕೊಟ್ಟ ಮಾತು ಕೊಟ್ಟಿದ್ದೇ. ಗಾಜಿನಾಗೆ ನಿನ್ನ ಫೋಟೋ ಇಡು ಪರಮೇಶಿ. ಗಾಡಿ ಇವನದು." ಆಮೇಲೆ ವೀರೇಶನ ಕಡೆ ತಿರುಗಿದ. "ಆದ್ರೆ ಗಾಡಿಗೆ ಇವತ್ತಿಂದ ಸರಪಳಿ, ಬೀಗ. ಬೀಗದ ಕೀಲಿ ಹಯಾತ್ ಸಾಬ್ರ ಹತ್ರ ಇರ್ತೈತೆ, ಹರಿಹರದಾಗೆ. ನಿಂಗೆ ಗಾಡಿ ಬೇಕಾದಾಗ ಬಸ್ಸಿಗೆ ಹೋಗಿ ಅವರನ್ನ ಕೇಳಿ ಇಸ್ಕೊಂಡು ಬಾ. ವಾಪಸ್ ಕೊಟ್ಟೂ ಬಾ."

"ಗಾಡಿ ನಂದು, ಮನಿ ನಮ್ಮದು, ಕೀಲಿ ಹರಿಹರದಾಗಾ? ಇದು ಯಾವ ನ್ಯಾಯ ಅಜ್ಜ?"

"ಕಡೇ ಬಸ್ ಎಷ್ಟೊತ್ತಿಗೆ ಅಂತ ಕೇಳ್ಕೋ," ಎಂದು ಅಜ್ಜ ಅವನ ಕೈಗೆ ಕೀಲಿಯನ್ನೂ ಒಂದು ಹಿಡಿ ಬನ್ನಿಯನ್ನೂ ಇಟ್ಟ.

ವೀರೇಶ ಬಸ್ಸಿನಲ್ಲಿ ನಿಂತೇ ಹೋದ. ಶೆಡ್ಡಿನ ಮುಂದೆ ಗಿಡ್ಡಪ್ಪನ ಲಾರಿ ಅವನಿಗಿಂತ ಮೊದಲೇ ಬಂದು ನಿಂತಿತ್ತು. ಮೇಜಿನ ತುಂಬ ಡೀಸೆಲ್ ಪಂಪಿನ ಸಾಮಾನು. ಹಯಾತ್ ಸಾಬ್ ಒಂದನ್ನು ಅಳತೆಯ ಮೈಕ್ರೋಮೀಟರಿಗೆ ಹಿಡಿದಿದ್ದವನು ತಲೆ ಎತ್ತಲಿಲ್ಲ. ವೀರೇಶ ಬನ್ನಿ ಕೊಟ್ಟು ಕಾಲು ಮುಟ್ಟಿದ. ಹಯಾತ್ ಸಾಬ್ ಎಲೆಗಳನ್ನು ಜೇಬಿಗೆ ಹಾಕಿಕೊಂಡು, ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿದ.

"ನಾಳೆ ಎಷ್ಟೊತ್ತಿಗೆ ಬರ್ಲಿ ಸಾಬ್ರೆ, ಕೀಲಿಗೆ?"

"ನಾಳೆ ಜುಮ್ಮಾ. ನಮಾಜ್ ಮುಗಿಸಿ ಮೂರಕ್ಕೆ ಬಾ. ಬರೋವಾಗ ಎರಡು ಬಾಳೆಹಣ್ಣು ತಾ."

ವಾಪಸ್ ಬಸ್ಸಿನಲ್ಲಿ ಸೀಟು ಸಿಕ್ಕಿತು. ವೀರೇಶ ಬೆರಳು ಮಡಿಚಿ ಲೆಕ್ಕ ಹಾಕಿದ. ನಾಳೆ ಬಸ್ಸಿಗೆ ಹರಿಹರ, ಕೀಲಿ ತಗೊಂಡು ಬಸ್ಸಿಗೆ ದಾವಣಗೆರೆ, ಬೀಗ ತೆಗೆದು ಗಾಡಿಯಲ್ಲಿ ಹರಿಹರದ ಸೇತುವೆ, ಗಾಡಿಯಲ್ಲೇ ದಾವಣಗೆರೆ, ಬೀಗ ಹಾಕಿ ಬಸ್ಸಿಗೆ ಹರಿಹರ, ಕೀಲಿ ಕೊಟ್ಟು ಬಸ್ಸಿಗೆ ದಾವಣಗೆರೆ. ರಕ್ತ ಮತ್ತೆ ತಲೆಗೇರಿತು.

"ಅನ್ಯಾಯ!" ಎಂದ ಗಟ್ಟಿಯಾಗಿ.

ಪಕ್ಕದಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ಬೆಚ್ಚಿ ಎದ್ದರು. "ಏನಾತಪಾ?"

ವೀರೇಶ ಅವರ ಕಡೆ ಪೂರ್ತಿ ತಿರುಗಿ ಕೂತು, ಒಂದೇ ಒಂದು ಹೆಸರು ಬಿಟ್ಟು, ಮೊದಲಿಂದ ಕೊನೆಯ ತನಕ ಎಲ್ಲವನ್ನೂ ಹೇಳಿದ. ಹಿರಿಯರು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡರು.

"ಎಲ್ಲಾ ಸರಿ," ಎಂದರು. "ಆ ಕಡ್ಡಿ ಚುಚ್ಚಿದೋನು ಯಾವನು?"

"ಅದನ್ನ ಬಿಡ್ರಿ ಯಜಮಾನ್ರೆ!" ಎಂದ ವೀರೇಶ ಸಿಟ್ಟಿನಿಂದ. "ಮೊದ್ಲು ನ್ಯಾಯ ಹೇಳ್ರಿ!"